ಠಾಣೆ–ವಾಶಿ ಗಾಡಿಯಲ್ಲಿ ಬಿಡಿಸಿದ ಹೃದಯ

ಆರನೇ ತರಗತಿಯನ್ನು ನಾನು ಎರಡು ಸಲ ಪಾಸು ಮಾಡಿದ್ದೇನೆ. ಮೊದಲ ಸಲ ಉಡುಪಿ ಕಡೆಯ ಸರಕಾರಿ ಶಾಲೆಯಲ್ಲಿ, ನನ್ನದೇ ಹೆಸರಿನಲ್ಲಿ. ಎರಡನೇ ಸಲ ಡೊಂಬಿವಿಲಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ, ಮಗಳ ಹೆಸರಿನಲ್ಲಿ. ಎರಡನೇ ಸಲ ಮಾರ್ಕು ಜಾಸ್ತಿ ಬಂದಿತ್ತು.

ನನ್ನ ಆಫೀಸು ವಾಶಿಯಲ್ಲಿ. ಬೆಳಿಗ್ಗೆ ಡೊಂಬಿವಿಲಿಯಿಂದ ಠಾಣೆಯವರೆಗೆ ಕೈ ಎತ್ತಿದರೆ ಇಳಿಸಲು ಜಾಗವಿಲ್ಲದ ಲೋಕಲ್. ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿದ ಮೇಲೆಯೇ ನಾನು ಮನುಷ್ಯಳಾಗುವುದು. ಆ ಗಾಡಿ ಅಲ್ಲಿಂದಲೇ ಹೊರಡುತ್ತದೆ, ಓಡಿದವರಿಗೆ ಸೀಟು ಸಿಗುತ್ತದೆ, ನಾನು ಓಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಲೇಡೀಸ್ ಡಬ್ಬಿಯ ಒಂದು ಮೂಲೆ ನಮ್ಮ ಮೂವರದ್ದು. ಒಬ್ಬಳು ಕಲ್ಯಾಣದ ಮರಾಠಿಯವಳು. ಇನ್ನೊಬ್ಬಳು ವಿಜಯಪುರದ ಕಡೆಯಿಂದ ಬಂದು ಟಿಟ್ವಾಳಾದಲ್ಲಿ ಮನೆ ಮಾಡಿದವಳು; ನಮ್ಮಲ್ಲಿ ಎಲ್ಲರಿಗಿಂತ ಮೊದಲು ಮನೆ ಬಿಡುವವಳು ಅವಳೇ. ಮೂರನೆಯವಳು ನಾನು. ಮೂವರ ಮನೆಯಲ್ಲೂ ಒಂದೇ ತರಗತಿಯ ಒಂದೊಂದು ಮಗು. ಶಾಲೆ ಬೇರೆ, ಪುಸ್ತಕ ಒಂದೇ.

ಉಳಿದ ಹೆಂಗಸರು ಆ ಅರ್ಧ ಗಂಟೆಯಲ್ಲಿ ಬಟಾಣಿ ಸುಲಿಯುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಸ್ತೋತ್ರ ಹೇಳಿಕೊಳ್ಳುತ್ತಾರೆ. ನಾವು ಹೋಮ್‌ವರ್ಕ್ ಮಾಡುತ್ತಿದ್ದೆವು. ಕಲ್ಯಾಣದವಳು ಮೂರು ಮಕ್ಕಳಿಗೂ ಮರಾಠಿ ನಿಬಂಧ ಬರೆಯುವಳು. ಒಂದೇ ವಿಷಯವನ್ನು ಮೂರು ತರಹ ಬರೆಯುವ ವಿದ್ಯೆ ಅವಳಿಗೆ ಸಿದ್ಧಿಸಿತ್ತು. ಟಿಟ್ವಾಳಾದವಳದ್ದು ನಕ್ಷೆ ಮತ್ತು ಹಿಂದಿ. ನನ್ನದು ವಿಜ್ಞಾನದ ಚಿತ್ರ. ತೊಡೆಯ ಮೇಲೆ ಪರೀಕ್ಷೆಯ ಪ್ಯಾಡ್, ಅದರ ಮೇಲೆ ಬಿಡಿ ಹಾಳೆ, ಕಿವಿಯ ಹಿಂದೆ ಪೆನ್ಸಿಲ್. ಮಕ್ಕಳು ಮನೆಯಲ್ಲಿ ಅವನ್ನು ಫೈಲಿಗೆ ಹಾಕಿ ತಮ್ಮ ಹೆಸರು ಬರೆದರೆ ಮುಗಿಯಿತು. ಮಕ್ಕಳಿಗೆ ಎಷ್ಟು ಹೊರೆ ಎಂದು ನಾವು ಮೂವರೂ ನಿಟ್ಟುಸಿರು ಬಿಡುತ್ತಿದ್ದೆವು. ಹೊರೆ ಹೊತ್ತವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ನಿಜ ಹೇಳುತ್ತೇನೆ, ನನಗದು ಖುಷಿಯ ಕೆಲಸವಾಗಿತ್ತು. ಚಿಕ್ಕಂದಿನಲ್ಲಿ ನಮ್ಮ ಶಾಲೆಯ ಗೋಡೆಗೆ ಹಾಕುವ ಚಾರ್ಟುಗಳನ್ನೆಲ್ಲ ಮಾಸ್ತರರು ನನ್ನಿಂದಲೇ ಬರೆಸುತ್ತಿದ್ದರು. ಆಮೇಲೆ ಪಿಯುಸಿ, ಮದುವೆ, ಮುಂಬಯಿ. ಆಫೀಸಿನಲ್ಲಿ ನಾನು ಬಿಡಿಸುವುದೇನಿದ್ದರೂ ಟಪಾಲಿನ ಲಕೋಟೆಗಳನ್ನು. ಮಗಳಿಗೆ ಮೊದಲ ಬಾರಿ ಹೂವಿನ ಭಾಗಗಳನ್ನು ಬರೆದುಕೊಟ್ಟ ದಿನ ಕೈಗೆ ಎಷ್ಟೋ ವರ್ಷದ ಹಸಿವಿದ್ದದ್ದು ಗೊತ್ತಾಯಿತು. ಅದನ್ನು ನಾನು ಮಗಳಿಗಾಗಿ ಮಾಡುವ ತ್ಯಾಗ ಎಂದು ಕರೆಯುತ್ತಿದ್ದೆ.

ಹೃದಯದ ಚಿತ್ರ ಬಂದದ್ದು ಆರನೇ ತರಗತಿಯ ಕೊನೆಯ ಪ್ರಾಜೆಕ್ಟಿನಲ್ಲಿ. ಐರೋಲಿ ಬರುವಷ್ಟರಲ್ಲಿ ಹೊರಗಿನ ಗೆರೆ, ಘಣಸೋಲಿಯಲ್ಲಿ ನಾಲ್ಕು ಕೋಣೆ, ಕೋಪರಖೈರಣೆಯಿಂದ ಬಣ್ಣ. ಕಲ್ಯಾಣದವಳು ಎದುರು ಸೀಟಿನಿಂದ ಬಗ್ಗಿ, "ಅಗಂ, ಮಾಝಂ ಹೃದಯ ಝಾಲಂ ಕಾ?" ಎಂದಳು. ನನ್ನ ಹೃದಯ ಆಯ್ತೇನೇ ಎಂದು ಅವಳು ಅಷ್ಟು ಗಂಭೀರವಾಗಿ ಕೇಳಿದ್ದಕ್ಕೆ ಇಡೀ ಡಬ್ಬಿ ನಕ್ಕಿತು.

ಭಾಗಗಳ ಹೆಸರುಗಳನ್ನು ಬರೆಯುವಾಗ ನನ್ನ ಕೈ ನಿಂತಿತು. ಪುಸ್ತಕದಲ್ಲಿ ಹಾಳೆಯ ಬಲಗಡೆಯ ಕೋಣೆಗಳಿಗೆ ಎಡ ಎಂದೂ ಎಡಗಡೆಯವಕ್ಕೆ ಬಲ ಎಂದೂ ಅಚ್ಚಾಗಿತ್ತು. ನಾನು ಟಿಟ್ವಾಳಾದವಳಿಗೆ ತೋರಿಸಿದೆ.

"ನೋಡಿ ಮಾರಾಯ್ರೆ, ಮಕ್ಕಳ ಪುಸ್ತಕ ಮಾಡುವವರಿಗೆ ಎಡ ಬಲವೇ ಗೊತ್ತಿಲ್ಲ."

"ಅಯ್ಯ, ಖರೇನೇ ಐತಲ್ರಿ! ನೀವು ಸರಿ ಮಾಡಿ ಬರದುಬಿಡ್ರಿ. ನಮ್ಮ ಹುಡುಗೀಗೆ ಒಂದ್ ಮಾರ್ಕ್ ಹೆಚ್ಚಿಗೆ ಬರ್ತದ," ಎಂದಳು ಅವಳು.

ಮೂರು ಹಾಳೆಯಲ್ಲೂ ಸರಿ ಮಾಡಿ ಬರೆದೆ. ಬಣ್ಣ ಮಾತ್ರ ಪುಸ್ತಕದ್ದೇ: ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಮಗಳ ಹಾಳೆಗೆ 'ಎಕ್ಸಲೆಂಟ್' ಎಂಬ ಕೆಂಪು ಶಾಯಿಯ ಬರಹವೂ ಒಂದು ಬಂಗಾರದ ಬಣ್ಣದ ನಕ್ಷತ್ರವೂ ಸಿಕ್ಕಿ, ಅದು ತರಗತಿಯ ಬೋರ್ಡಿನ ಮೇಲೆ ವರ್ಷದ ಕೊನೆಯವರೆಗೆ ಇತ್ತು. ಒಂದೊಂದು ವರ್ಗದಲ್ಲಿ ಅರವತ್ತು ಮಕ್ಕಳು. ಯಾವ ಟೀಚರು ಹೃದಯದ ಕೋಣೆ ಕೋಣೆ ಹೊಕ್ಕು ನೋಡುತ್ತಾಳೆ? ನಾನು ಆ ಬೋರ್ಡಿನ ಫೋಟೋ ತೆಗೆದು ಊರಿನ ಅಣ್ಣಂದಿರಿಗೆಲ್ಲ ಕಳಿಸಿದೆ. ನನ್ನ ಗಂಡ, ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರು, ಫೋಟೋ ನೋಡಿ, "ಕಂಗ್ರಾಜುಲೇಶನ್ಸ್, ನಿನಗೆ," ಎಂದರು. ಆ ಕೊನೆಯ ಮಾತಿಗೆ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಏಳನೇ ತರಗತಿಗೆ ಹೊಸ ಟೀಚರು ಬಂದಳು. ಚಿಕ್ಕ ವಯಸ್ಸಿನವಳು, ಹತ್ತಿಯ ಸೀರೆ, ಮೆಲ್ಲಗಿನ ಮಾತು. ಒಂದು ಶನಿವಾರ ತಾಯಿತಂದೆಯರನ್ನೆಲ್ಲ ಕರೆದು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂರಿಸಿದಳು. ಇನ್ನು ಮುಂದೆ ದಿನಾ ಡೈರಿಗೆ ನಿಮ್ಮ ಸಹಿ ಬೇಡ ಎಂದಳು. ಬ್ಯಾಗು ಮಕ್ಕಳೇ ತುಂಬಿಕೊಳ್ಳಲಿ. ಯಾವುದು ಬರುವುದಿಲ್ಲ, ಅದಕ್ಕೆ ಏನು ಮಾಡುತ್ತೇನೆ ಎಂದು ವಾರಕ್ಕೊಮ್ಮೆ ಅವರೇ ಒಂದು ಪುಟ ಬರೆಯಲಿ. ತಾಯಿತಂದೆಯರು ಬಂದು ಮಕ್ಕಳ ಕೆಲಸ ನೋಡುವ ಓಪನ್ ಡೇ ದಿನ ಟೀಚರು ಮಾತಾಡುವುದಿಲ್ಲ. ಪ್ರತಿ ಮಗುವೂ ಕಳೆದ ವರ್ಷದ ತನ್ನ ಕೆಲಸಗಳಲ್ಲಿ ತನಗೆ ಹೆಮ್ಮೆಯೆನಿಸಿದ ಒಂದನ್ನು ಆರಿಸಿ, ಮೂರು ವಾರ ಅದನ್ನು ಮತ್ತೆ ಕಲಿತು, ತಾಯಿತಂದೆಯರ ಎದುರು ಕುಳಿತು ಅವರ ಮನೆಮಾತಿನಲ್ಲೇ ಕಲಿಸಬೇಕು.

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಫೀಸು ಕೊಡುವವರು ನಾವು, ಪಾಠ ಕಲಿಸುವವರು ಮಕ್ಕಳಾ ಎಂದು ಹಿಂದಿನಿಂದ ಯಾರೋ ಹಿಂದಿಯಲ್ಲಿ ಕೂಗಿದರು. ನನಗೂ ಪಿತ್ತ ನೆತ್ತಿಗೇರಿತು. ಎದ್ದು ನಿಂತು, "ಮಕ್ಕಳು ಮಾಡದೇ ಹೋದರೆ?" ಎಂದು ಕೇಳಿದೆ.

"ಮಾಡದಿದ್ದರೆ ಮಾಡಲಿಲ್ಲ ಎಂದು ಅವರೇ ನಿಮ್ಮ ಎದುರು ಹೇಳಬೇಕು," ಎಂದಳು ಟೀಚರು. "ಅದೂ ಕಲಿಯುವ ವಿಷಯವೇ."

ನಾನು ದಪ್ಪನೆ ಕುಳಿತೆ. ಉತ್ತರ ಹೊಳೆಯದಿದ್ದಾಗ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ.

ಮನೆಗೆ ಬಂದು ಮಗಳನ್ನು ಕೇಳಿದೆ, ಯಾವುದು ಆರಿಸಿದೆ ಎಂದು. "ಹಾರ್ಟ್," ಎಂದಳು. ಯಾಕೆ ಅದೇ ಎಂದರೆ, ಸ್ಟಾರ್ ಸಿಕ್ಕಿದ್ದು ಅದೊಂದಕ್ಕೇ ಅಲ್ವಾ ಎಂದು ಹಿಂದಿಯಲ್ಲಿ ಹೇಳಿ ಭುಜ ಹಾರಿಸಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು, ಇದು ನಮ್ಮ ಮನೆಯ ರೂಢಿ. ಹನ್ನೆರಡು ವರ್ಷದ ಹುಡುಗಿ, ತಾನು ಒಂದು ಗೆರೆಯನ್ನೂ ಎಳೆಯದ ಚಿತ್ರವನ್ನು ಇಟ್ಟುಕೊಂಡು, ಟೀಚರ ಎದುರು ಕುಳಿತು ಹೆಮ್ಮೆಪಡಬೇಕಾಗಿತ್ತು. ಮತ್ತೆ ಬಿಡಿಸಿ ತೋರಿಸು ಎಂದು ಅಲ್ಲೇ ಪೆನ್ಸಿಲ್ ಕೊಟ್ಟರೆ? ಸುಳ್ಳುಗಾತಿ ಎಂಬ ಹೆಸರು ಅವಳಿಗೆ, ಮಾಡಿದವಳು ನಾನು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳೊಬ್ಬಳು, ಉಣ್ಣಬೇಕಾದವಳು ಮತ್ತೊಬ್ಬಳು.

"ನಾನು ಹೇಳಿಕೊಡ್ತೇನೆ ಬಾ," ಎಂದೆ. "ಎರಡು ಭಾನುವಾರ ಕೂತರೆ ಸಾಕು. ಗೆರೆ ನಾನು ಸಣ್ಣಗೆ ಎಳೆದು ಕೊಡ್ತೇನೆ, ನೀನು ಅದರ ಮೇಲೆ ತಿದ್ದು."

"ನಹೀ," ಎಂದಳು. ಮುಖ ಎತ್ತಲಿಲ್ಲ. "ಟೀಚರ್ ಹೇಳಿದ್ದಾರೆ, ನಾನೇ ಮಾಡ್ಬೇಕು." ಈ ಮಾತನ್ನು ಕನ್ನಡದಲ್ಲಿ ಹೇಳಿದಳು, ನನಗೆ ಸರಿಯಾಗಿ ತಾಗಲಿ ಎಂದೇ ಇರಬೇಕು.

ಆ ಮೂರು ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಅವಳ ಶಾಲೆ ಮಧ್ಯಾಹ್ನದ್ದು. ಬೆಳಿಗ್ಗೆ ಹೊರಡುವ ಮೊದಲು ಟೈಮ್‌ಟೇಬಲ್ ನೋಡಿ ಬ್ಯಾಗು ತುಂಬುವುದು ನನ್ನ ಕೈಗೆ ಹಲ್ಲುಜ್ಜಿದಷ್ಟೇ ಅಭ್ಯಾಸ. ಈಗ ಕೈ ಕಟ್ಟಿಕೊಂಡು ಬಾಗಿಲು ದಾಟಬೇಕು. ಮೊದಲ ವಾರದಲ್ಲೇ ಅವಳು ಭೂಗೋಳದ ಪುಸ್ತಕ ಬಿಟ್ಟುಹೋಗಿ ಇಡೀ ಪೀರಿಯಡ್ ನಿಂತಳು. ಸಂಜೆ ಅದನ್ನು ತಾನೇ ಹೇಳಿ, ಟೈಮ್‌ಟೇಬಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಹೇಳಿದ್ದರೆ ಅಂಟಿಸುತ್ತಿರಲಿಲ್ಲ, ಅದು ಖಂಡಿತ.

ಹೃದಯದ ಕೆಲಸ ಮಾತ್ರ ಮುಂದೆ ಸಾಗಲಿಲ್ಲ. ಎರಡನೇ ಭಾನುವಾರದ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತಿದ್ದಳು. ಬಿಡಿಸುವುದು, ಉಜ್ಜುವುದು, ಮತ್ತೆ ಬಿಡಿಸುವುದು. ಚಿತ್ರ ಹೃದಯಕ್ಕಿಂತ ಹೆಚ್ಚಾಗಿ ಗೋಣಿಯಲ್ಲಿ ಕಟ್ಟಿದ ಗೆಣಸಿನ ಹಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತ ನನ್ನ ಕೈ ತುರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ರಬ್ಬರ್ ತರುತ್ತೇನೆಂದು ಅವಳು ಕೆಳಗಿನ ಅಂಗಡಿಗೆ ಹೋದಳು. ನಾನು ಮೇಜಿನ ಬಳಿ ಹೋದೆ. ಸುಮ್ಮನೆ ನೋಡುವುದಕ್ಕೆ ಎಂದೇ ಹೋದದ್ದು. ಮೇಲಿನ ದೊಡ್ಡ ನಾಳದ ಬಾಗು ಒಂದು ಅವಳಿಗೆ ಹಿಡಿತಕ್ಕೇ ಸಿಕ್ಕಿರಲಿಲ್ಲ. ಒಂದೇ ಒಂದು ಗೆರೆ. ಪೆನ್ಸಿಲ್ ತೆಗೆದುಕೊಂಡು ಅದೊಂದನ್ನು ಸರಿಮಾಡಿ, ತಿರುಗಿ ಬಂದು ದೋಸೆ ಹುಯ್ಯತೊಡಗಿದೆ.

ಅವಳು ಬಂದು ಕುಳಿತಳು. ಎಣಿಸಿದ್ದರೆ ಐದೂ ಆಗುತ್ತಿರಲಿಲ್ಲ, ಅಷ್ಟರಲ್ಲಿ ಗೊತ್ತಾಗಿತ್ತು ಅವಳಿಗೆ. ಕೂಗಾಡಲಿಲ್ಲ. ಹಾಳೆಯನ್ನು ನಡುವೆ ಹರಿದಳು. ಆಮೇಲೆ ಅಳತೊಡಗಿದಳು.

"ಮಮ್ಮೀ, ಮೇರೇಕೋ ಆತಾ ಹೀ ಕ್ಯಾ ಹೈ? ಸಬ್ ತೋ ತುಮ್ ಕರ್ತೀ ಹೋ."

ನನಗೆ ಬರುವುದಾದರೂ ಏನು, ಎಲ್ಲ ನೀನೇ ಮಾಡ್ತೀಯಲ್ಲ. ದೋಸೆ ಕಾವಲಿಯ ಮೇಲೆ ಸೀಯುತ್ತಿತ್ತು. ಮಗುವಿಗೆ ಹೊಡೆದರೆ ಆಮೇಲೆ ಎತ್ತಿಕೊಂಡು ಸಮಾಧಾನ ಮಾಡಬಹುದು. ನಾನು ಹೊಡೆದದ್ದು ಬೇರೆ ಜಾಗಕ್ಕೆ, ಅದೂ ಆರು ವರ್ಷದಿಂದ, ಪ್ರೀತಿಯಿಂದ. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯ್ತು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಗ್ಯಾಸ್ ಆರಿಸಿ, ಚೀಲ ತೆಗೆದುಕೊಂಡು ತರಕಾರಿಗೆಂದು ಹೊರಗೆ ಹೋದೆ. ಮನೆಯಲ್ಲಿದ್ದರೆ ಮತ್ತೆ ಕೈ ಹಾಕುತ್ತೇನೆಂಬ ಹೆದರಿಕೆ ನನಗೇ ಇತ್ತು. ಮೂರನೇ ಭಾನುವಾರವೂ ಹಾಗೇ ಮಾಡಿದೆ. ಒಬ್ಬಳೇ ಅಂಬರನಾಥದ ಶಿವಾಲಯಕ್ಕೆ ಹೋಗಿ, ಕಲ್ಲಿನ ಕಂಬಕ್ಕೆ ಒರಗಿ ಎರಡು ಗಂಟೆ ಕುಳಿತು ಬಂದೆ. ದೇವರ ಹತ್ತಿರ ಕೇಳಿಕೊಂಡದ್ದು ಒಂದೇ, ಅವಳ ಮಾನ ಹೋಗದಿರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಇಲ್ಲಿ ಒಂದು ನಕ್ಷತ್ರಕ್ಕೆ ಹೋಗುವುದರಲ್ಲಿತ್ತು.

ಓಪನ್ ಡೇ ಬಂತು. ಗಂಡನಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಹೋದೆ. ಬೆಂಚುಗಳನ್ನು ಎದುರುಬದುರಾಗಿ ಇಟ್ಟಿದ್ದರು. ಅಲ್ಲಲ್ಲಿ ಮಕ್ಕಳು ಮರಾಠಿ, ಗುಜರಾತಿ, ತಮಿಳಿನಲ್ಲಿ ತಡವರಿಸುತ್ತಿದ್ದವು. ತಾಯಂದಿರು ನಡುವೆ ಬಾಯಿ ಹಾಕಲಾರದೆ ಸೆರಗು ತಿರುಚುತ್ತಿದ್ದರು. ಟೀಚರು ಒಂದು ಬೆಂಚಿನಿಂದ ಇನ್ನೊಂದಕ್ಕೆ ಮೆಲ್ಲಗೆ ಓಡಾಡುತ್ತಿದ್ದಳು. ನಾವು ಕುಳಿತಾಗ ಬಂದು ನಮ್ಮ ಬದಿಯಲ್ಲೇ ನಿಂತಳು.

ಮಗಳು ಫೈಲಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಒಂದು ನಕ್ಷತ್ರದ್ದು. ಇನ್ನೊಂದು ಅವಳು ಹೊಸದಾಗಿ ಬಿಡಿಸಿದ ಗೆಣಸಿನದ್ದು, ಸ್ವಲ್ಪ ಸುಧಾರಿಸಿತ್ತು, ಆದರೂ ಗೆಣಸೇ.

"ಇದು ಬೋರ್ಡ್ ಮೇಲಿತ್ತು," ಎಂದಳು ಟೀಚರಿಗೆ ಇಂಗ್ಲಿಷಿನಲ್ಲಿ. "ಇದನ್ನು ನಾನು ಮಾಡಲಿಲ್ಲ. ನನ್ನ ಅಮ್ಮ ಮಾಡಿದ್ದು, ಟ್ರೈನಿನಲ್ಲಿ. ಇದು ನಾನು ಮಾಡಿದ್ದು."

ಪಕ್ಕದ ಬೆಂಚಿನ ತಾಯಿ ನನ್ನತ್ತ ತಿರುಗಿದಳು. ನಾನು ಟೀಚರ ಮುಖ ನೋಡಿದೆ. ಅವಳು ಹೌದೇ ಎಂಬಂತೆ ತಲೆಯಾಡಿಸಿ, "ಸರಿ, ಮುಂದೆ ಹೇಳು," ಎಂದಳು, ಅಷ್ಟೇ. ನಾನು ಮೂರು ವಾರ ಹೆದರಿ ಸತ್ತ ಗಳಿಗೆ ಅಷ್ಟರಲ್ಲಿ ದಾಟಿಹೋಗಿತ್ತು. ಅದನ್ನು ದಾಟಿಸಿದವಳು ಮಗಳೇ, ನನ್ನನ್ನು ಒಂದು ಮಾತೂ ಕೇಳದೆ.

ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದಳು. ಅಷ್ಟು ಹೊತ್ತು ಬಿಡದೆ ಅವಳು ಕನ್ನಡ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅಮ್ಮ, ಬ್ಲಡ್ ಲಂಗ್ಸಿಗೆ ಹೋಗಿ ಸಾಫ್ ಆಗಿ ಬರ್ತದೆ. ಬಂದದ್ದು ಹಾರ್ಟಿನ ಲೆಫ್ಟ್‌ಗೆ, ಎಡಕ್ಕೆ. ಸಾಫ್ ಬ್ಲಡ್ಡಿಗೆ ರೆಡ್ ಕಲರ್. ಈಗ ನಿನ್ನ ಡ್ರಾಯಿಂಗಲ್ಲಿ ನೋಡು, ಎಡ ಅಂತ ಬರೆದಲ್ಲಿ ಎಂತ ಕಲರ್ ಉಂಟು?"

ನೋಡಿದೆ. ನೀಲಿ.

"ಅದು ಪುಸ್ತಕದಲ್ಲೇ ಉಲ್ಟಾ ಇತ್ತು ಮಗಾ," ಎಂದೆ. "ನಾನು ಸರಿ ಮಾಡಿದ್ದು."

"ಪುಸ್ತಕ ಸರಿ ಉಂಟು," ಎಂದಳು. ನಗಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು, "ನಾನು ನಿನ್ನ ಎದುರು ಕೂತಿದ್ದೇನಲ್ಲ. ನನ್ನ ಎಡಗೈ ಮುಟ್ಟು," ಎಂದಳು.

ನಾನು ಕೈ ಚಾಚಿದೆ. ಅವಳ ಎಡಗೈ ನನ್ನ ಬಲಕ್ಕಿತ್ತು.

"ಹಾಂ. ಹಾರ್ಟ್ ಕೂಡ ಹಾಗೇ ಎದುರು ಕೂತದ್ದು. ಅದರ ಎಡ ಅಂದ್ರೆ ಅದರದ್ದು, ನಿಂದಲ್ಲ. ನೀನು ನಿನ್ನ ಸೈಡಿಂದ ನೋಡಿ ಬರೆದಿದ್ದಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂರು ಹೃದಯ ಬಿಡಿಸಿ, ಮೂರು ಊರಿನ ಮೂರು ಶಾಲೆಗಳಿಗೆ ಕಳಿಸಿದವಳಿಗೆ ಅದರೊಳಗೆ ರಕ್ತ ಯಾವ ದಾರಿಯಲ್ಲಿ ಓಡುತ್ತದೆ ಎಂದು ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಕಂಡಿರಲಿಲ್ಲ, ಗೆರೆ ಚೆಂದ ಬಂದರೆ ಸಾಕಾಗಿತ್ತು. ಗೆಣಸು ಬಿಡಿಸಿದವಳು ಬೆರಳಿನಿಂದ ದಾರಿ ತೋರಿಸುತ್ತ ಒಂದೊಂದೇ ಕೋಣೆಯಾಗಿ ನನ್ನನ್ನು ನಡೆಸಿದಳು. ಎರಡು ಕಡೆ ತಪ್ಪಿದಳು, ನಿಂತಳು, ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹಿಂದೆ ಬಂದು ಸರಿಮಾಡಿದಳು. ಒಂದು ಕಡೆ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ; "ಇದು ನಂಗೆ ಬರ್ಲಿಲ್ಲ, ಕೇಳಿ ಹೇಳ್ತೇನೆ," ಎಂದಳು. ನಾನು ಅವಳ ವಯಸ್ಸಿನಲ್ಲಿ ಯಾರ ಎದುರೂ ಹಾಗೆ ಹೇಳಿದವಳಲ್ಲ. ಈ ವಯಸ್ಸಿನಲ್ಲೂ ಹೇಳಿದವಳಲ್ಲ. ನನಗೆ ಅಳು ಬಂತು, ಅದು ಹೆಮ್ಮೆಯ ಅಳು, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಮುಗಿದ ಮೇಲೆ ಅವಳು ಹಳೆಯ ಹಾಳೆಯಿಂದ ನಕ್ಷತ್ರವನ್ನು ಉಗುರಿನಿಂದ ಎಬ್ಬಿಸಿದಳು. ತನ್ನ ಚಿತ್ರಕ್ಕೆ ಅಂಟಿಸಿಕೊಳ್ಳುತ್ತಾಳೆ ಎಂದುಕೊಂಡೆ. ನನ್ನ ಪರ್ಸಿನ ಮೇಲೆ ಅಂಟಿಸಿ, "ಇದು ನಿಂದೇ. ಡ್ರಾಯಿಂಗ್ ಚಂದ ಉಂಟು," ಎಂದಳು.

ಹೊರಗೆ ಬರುವಾಗ ಟೀಚರು ಮಡಚಿದ ಒಂದು ಹಾಳೆ ಕೈಗಿಟ್ಟಳು. ಮಗು ಬರೆದದ್ದು, ಓದಿ, ಒಪ್ಪಿದರೆ ಸಹಿ ಮಾಡಿ ಮಂಗಳವಾರದೊಳಗೆ ಕೊಡಿ ಎಂದಳು. ಆ ಗಡಿಬಿಡಿಯಲ್ಲಿ ಅದು ನನ್ನ ಆಫೀಸಿನ ಬ್ಯಾಗಿನ ತಳ ಸೇರಿತು.

ಸೋಮವಾರ ಠಾಣೆಯಲ್ಲಿ ಗಾಡಿ ಹತ್ತಿ ಕುಳಿತ ಕೂಡಲೇ ಇಬ್ಬರಿಗೂ ಎಡ ಬಲದ ವಿಷಯ ಹೇಳಿಬಿಟ್ಟೆ. ಕಲ್ಯಾಣದವಳು ಹಣೆ ಚಚ್ಚಿಕೊಂಡಳು. ಟಿಟ್ವಾಳಾದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಮ್ಮ ಸಾಲ್ಯಾಗ ಇನ್ನೂ ಗ್ವಾಡೀ ಮ್ಯಾಲ ಐತ್ರೀ ಅದು!" ಎಂದಳು. ಆಮೇಲೆ ಬ್ಯಾಗಿನಿಂದ ಎಂದಿನಂತೆ ಬಿಳಿ ಹಾಳೆ ತೆಗೆದು ನನ್ನತ್ತ ಚಾಚಿದಳು. ಈ ಸಲ ಕಿವಿಯ ಚಿತ್ರವಂತೆ.

"ನನ್ನಿಂದ ಆಗುದಿಲ್ಲ," ಎಂದೆ. "ನಿಮ್ಮ ಹುಡುಗಿಯೇ ಬಿಡಿಸಲಿ."

"ಆಕೀಗೆ ಬರಂಗಿಲ್ರೀ," ಎಂದಳು ಅವಳು, ಸ್ವಲ್ಪ ಬೇಸರದಿಂದಲೇ.

"ಬರುದಿಲ್ಲ. ನನ್ನವಳಿಗೂ ಬರುತ್ತಿರಲಿಲ್ಲ."

ಅವಳು ಹಾಳೆ ಮಡಚಿ ಒಳಗಿಟ್ಟಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ನನ್ನ ಕೈ ಬ್ಯಾಗಿನೊಳಗೆ ಏನನ್ನೋ ಹುಡುಕುತ್ತ ಹೋಗಿ ಟೀಚರು ಕೊಟ್ಟ ಹಾಳೆಗೆ ತಾಗಿತು. ಬಿಡಿಸಿದೆ. ಮೂರು ಪ್ರಶ್ನೆಗಳು, ಕೆಳಗೆ ಮಗಳ ಇಂಗ್ಲಿಷ್ ಅಕ್ಷರ. ನನಗೆ ಏನು ಬರುತ್ತದೆ: ರಕ್ತದ ದಾರಿ. ನನಗೆ ಏನು ಬರುವುದಿಲ್ಲ: ಕವಾಟಗಳು, ಮತ್ತು ಚಿತ್ರ. ಕಲಿಯಲು ಮನೆಯವರಿಂದ ನನಗೆ ಏನು ಬೇಕು?

ಅಲ್ಲಿ ಒಂದು ಉತ್ತರ ಬರೆದು, ಉಜ್ಜಿ, ಮತ್ತೆ ಬರೆದ ಗುರುತಿತ್ತು.

'ನಾನು ಬಿಡಿಸುವಾಗ ಅಮ್ಮ ಹೊರಗೆ ಹೋಗುವುದು ಬೇಡ. ಪಕ್ಕದಲ್ಲಿ ಕೂರಬೇಕು. ಪೆನ್ಸಿಲ್ ಮುಟ್ಟಬಾರದು.'

ಪರೀಕ್ಷೆಯ ಪ್ಯಾಡ್ ತೊಡೆಯ ಮೇಲಿಟ್ಟು ಅದರ ಕೆಳಗೆ ಸಹಿ ಮಾಡಿದೆ. ಗಾಡಿ ತುರ್ಭೆಯಲ್ಲಿ ಅಲುಗಾಡಿ, ಗೆರೆ ಸೊಟ್ಟಗಾಯಿತು. ತಿದ್ದದೆ ಹಾಗೇ ಬಿಟ್ಟೆ.